ಡ್ರೆಡ್ ಸ್ಕಾಟ್ ಕೇಸು: 1857ರ ಒಂದು ತೀರ್ಪು, ಇವತ್ತಿನ ಒಂದು ಪಾಸ್‌ಪೋರ್ಟ್

ಈ ವಾರದ ಎಪಿಸೋಡ್ ಸ್ವಲ್ಪ ಉದ್ದ. ಬಸ್ಸಲ್ಲಿ ನೇತಾಡ್ಕೊಂಡು ಕೇಳೋಕೆ ಆಗಲ್ಲ ಅನ್ನೋರಿಗೆ ಅಂತಲೇ ಈ ಬರಹರೂಪ. ರೆಕಾರ್ಡ್ ಮಾಡಿದ್ದು 2025ರ ಡಿಸೆಂಬರ್ ಕೊನೇ ವಾರದಲ್ಲಿ, ಅದನ್ನ ನೆನಪಲ್ಲಿಟ್ಟುಕೊಂಡು ಓದಿ.

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದ್ರು. ಸಾರ ಇಷ್ಟು: ತಾಯಿ ಅಮೆರಿಕದಲ್ಲಿ ಅಕ್ರಮವಾಗಿ ಇದ್ದರೆ, ಅಥವಾ ಸಕ್ರಮವಾಗೇ ಇದ್ದರೂ ತಾತ್ಕಾಲಿಕ ವೀಸಾದಲ್ಲಿದ್ದರೆ, ಜೊತೆಗೆ ತಂದೆ ಅಲ್ಲಿನ ನಾಗರಿಕನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದ್ರೆ, ಇನ್ಮುಂದೆ ಅಲ್ಲಿ ಹುಟ್ಟೋ ಮಗುವಿಗೆ ಹುಟ್ಟಿನಿಂದ ಪೌರತ್ವ ಇಲ್ಲ. ಎಚ್-1ಬಿ ವೀಸಾ ಕಾನೂನಿನ ಲೆಕ್ಕದಲ್ಲಿ ತಾತ್ಕಾಲಿಕ ವೀಸಾ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಹೋಗಿ ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಸಂಸಾರ ಹೂಡಿರೋ ಎಷ್ಟೋ ಮನೆಗಳಿಗೆ ಇದು ನೇರವಾಗಿ ತಾಗೋ ವಿಷಯ. ಗಡುವು ಮುಗಿಯೋ ಮುಂಚೆ ಸಿಸೇರಿಯನ್ ಮಾಡಿಸಿಕೊಳ್ಳೋಕೆ ಭಾರತೀಯ ದಂಪತಿಗಳು ಡಾಕ್ಟರ್ ಹತ್ರ ವಿಚಾರಿಸ್ತಿದ್ದಾರೆ ಅಂತ ಆಗ ಪೇಪರ್‌ಗಳಲ್ಲಿ ವರದಿಯೂ ಬಂದಿತ್ತು.

ಆ ಆದೇಶವನ್ನ ಪೂರ್ತಿ ಓದಿದಾಗ ನನಗೆ ವಿಚಿತ್ರ ಅನಿಸಿದ್ದು ಅದರ ಶುರುವಿನಲ್ಲೇ ಇರೋ ಒಂದು ಹೆಸರು. ಡ್ರೆಡ್ ಸ್ಕಾಟ್. 1857ರ ಗುಲಾಮಗಿರಿ ಕೇಸು. ಅದೊಂದು ನಾಚಿಕೆಗೇಡಿನ ತೀರ್ಪು ಅಂತ ಆದೇಶವೇ ಒಪ್ಕೊಳ್ಳುತ್ತೆ. ಸಾಫ್ಟ್‌ವೇರ್ ಎಂಜಿನಿಯರ್ ಮಗುವಿನ ಪಾಸ್‌ಪೋರ್ಟ್ ವಿಷಯದಲ್ಲಿ 168 ವರ್ಷ ಹಳೇ ಗುಲಾಮಗಿರಿ ಕೇಸು ಯಾಕೆ ಬಂತು? ಇವತ್ತಿನ ಎಪಿಸೋಡ್ ಇದೇ.

ಮೊದಲು ಒಂದು ಮಾತು. ಇಂಗ್ಲಿಷ್‌ನಲ್ಲಿ 'ಹಿ' ಅಂದ್ರೆ ಮುಗೀತು. ಕನ್ನಡದಲ್ಲಿ ಅವನು ಅನ್ನಬೇಕಾ, ಅವರು ಅನ್ನಬೇಕಾ ಅಂತ ನಾವು ತೀರ್ಮಾನ ಮಾಡಲೇಬೇಕು. ಕೋರ್ಟ್ ಯಾರನ್ನ ಒಂದು ಆಸ್ತಿ ಅಂತ ಬರೆದಿಟ್ಟಿತೋ ಅವರನ್ನ ನಾನು 'ಅವರು' ಅಂತಲೇ ಕರೀತೀನಿ.

ಡ್ರೆಡ್ ಸ್ಕಾಟ್ ಹುಟ್ಟಿದ್ದು ಸುಮಾರು 1799ರಲ್ಲಿ, ವರ್ಜೀನಿಯಾದಲ್ಲಿ. ಮಾಲೀಕರು ಬ್ಲೋ ಅನ್ನೋ ಕುಟುಂಬ. ಆ ಕುಟುಂಬ ಕೊನೆಗೆ ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್‌ಗೆ ಬಂತು, ಅಲ್ಲಿ ಸ್ಕಾಟ್ ಅವರನ್ನ ಜಾನ್ ಎಮರ್ಸನ್ ಅನ್ನೋ ಮಿಲಿಟರಿ ಡಾಕ್ಟರ್‌ಗೆ ಮಾರಿದ್ರು. ಡಾಕ್ಟರ್‌ಗೆ ಎಲ್ಲಿಗೆ ವರ್ಗವಾದ್ರೆ ಅಲ್ಲಿಗೆ ಇವರೂ ಹೋಗಬೇಕು. ಮೊದಲು ಇಲಿನಾಯ್, ಅಲ್ಲಿ ಗುಲಾಮಗಿರಿ ನಿಷೇಧ. ಆಮೇಲೆ 1836ರಲ್ಲಿ ಈಗಿನ ಮಿನ್ನೆಸೋಟದಲ್ಲಿರೋ ಫೋರ್ಟ್ ಸ್ನೆಲ್ಲಿಂಗ್. ಅಲ್ಲೂ ನಿಷೇಧ, 1820ರ 'ಮಿಸ್ಸೂರಿ ರಾಜಿ' ಕಾನೂನಿನ ಪ್ರಕಾರ. ಅಂದ್ರೆ, ಕಾನೂನು ಪುಸ್ತಕದಲ್ಲಿ ಗುಲಾಮಗಿರಿಯೇ ಇಲ್ಲದ ನೆಲದಲ್ಲಿ ವರ್ಷಗಟ್ಟಲೆ ಇದ್ದು ಗುಲಾಮರಾಗಿ ದುಡಿದ್ರು. ಅಲ್ಲೇ ಹ್ಯಾರಿಯೆಟ್ ರಾಬಿನ್ಸನ್ ಅವರ ಜೊತೆ ಮದುವೆ ಆಯ್ತು. ಎಲೈಜಾ, ಲಿಜಿ ಅಂತ ಇಬ್ಬರು ಹೆಣ್ಣುಮಕ್ಕಳು.

1843ರಲ್ಲಿ ಡಾಕ್ಟರ್ ತೀರಿಕೊಂಡ್ರು. ಈ ಸಂಸಾರ ಅವರ ಹೆಂಡತಿ ಐರೀನ್ ಎಮರ್ಸನ್ ಕೈಗೆ ಬಂತು. ನಾನು ಬಿ.ಕಾಂ ಓದಿದೋಳು, ಹಾಗಾಗಿ ನನಗೆ ಇದು ಬ್ಯಾಲೆನ್ಸ್ ಶೀಟ್ ಥರ ಕಾಣುತ್ತೆ: ನಾಲ್ಕು ಜನ ಮನುಷ್ಯರು ಆಸ್ತಿ ಕಾಲಂನಲ್ಲಿ, ಅವರನ್ನ ಬೇರೆಯವರ ಮನೆಗೆ ಬಾಡಿಗೆಗೆ ಕಳಿಸಿದ್ರೆ ಬರೋ ಹಣ ಆದಾಯ ಕಾಲಂನಲ್ಲಿ.

1846ರ ಏಪ್ರಿಲ್ 6ರಂದು ಡ್ರೆಡ್ ಮತ್ತು ಹ್ಯಾರಿಯೆಟ್ ಇಬ್ಬರೂ ಸೇಂಟ್ ಲೂಯಿಸ್ ಕೋರ್ಟಲ್ಲಿ ಬೇರೆ ಬೇರೆ ಅರ್ಜಿ ಹಾಕಿದ್ರು. ನಾವು ನಿಷೇಧ ಇದ್ದ ನೆಲದಲ್ಲಿ ಬಾಳಿದ್ದೀವಿ, ನಮ್ಮನ್ನ ಸ್ವತಂತ್ರರು ಅಂತ ಘೋಷಿಸಿ ಅಂತ. ಇದು ಹುಚ್ಚು ಸಾಹಸ ಏನಲ್ಲ. ಆ ಕೋರ್ಟಲ್ಲಿ ಇಂಥ 300ಕ್ಕೂ ಹೆಚ್ಚು ಸ್ವಾತಂತ್ರ್ಯದ ದಾವೆಗಳ ಕಡತ ಸಿಕ್ಕಿದೆ. ಮಿಸ್ಸೂರಿಯಲ್ಲಿ ಗುಲಾಮಗಿರಿ ಇತ್ತು, ಆದ್ರೂ ಒಂದ್ಸಲ ಸ್ವತಂತ್ರ ಆದವರು ಯಾವತ್ತೂ ಸ್ವತಂತ್ರರೇ ಅನ್ನೋದು ಅಲ್ಲಿನ ಕೋರ್ಟುಗಳು ನಡೆಸಿಕೊಂಡು ಬಂದಿದ್ದ ನಿಯಮ. 1836ರಲ್ಲಿ ರೇಚಲ್ ಅನ್ನೋ ಹೆಣ್ಣುಮಗಳು ಹೆಚ್ಚೂಕಡಿಮೆ ಇದೇ ಥರದ ಕೇಸ್ ಗೆದ್ದಿದ್ದರು. ಅವರ ಮಾಲೀಕನೂ ಮಿಲಿಟರಿ ಅಧಿಕಾರಿ.

ಹ್ಯಾರಿಯೆಟ್ ಅರ್ಜಿ ಯಾಕೆ ಮುಖ್ಯ ಅಂತ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಎಪಿಸೋಡಿನ ಜೀವ ಇರೋದು ಇಲ್ಲೇ. ಗುಲಾಮಗಿರಿಯ ಕಾನೂನಲ್ಲಿ ಮಗುವಿನ ಸ್ಥಿತಿ ತಾಯಿಯಿಂದ ಬರ್ತಿತ್ತು. ವರ್ಜೀನಿಯಾ ಇದನ್ನ 1662ರಲ್ಲೇ ಕಾನೂನು ಮಾಡಿತ್ತು. ತಾಯಿ ಗುಲಾಮಳಾದ್ರೆ ಮಗು ಗುಲಾಮ, ತಂದೆ ಮಾಲೀಕನೇ ಆಗಿದ್ರೂ ಸರಿ. ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರೆ, ಮೂಲಧನವೇ ಬಡ್ಡಿ ಹೆರುತ್ತೆ. ಹಾಗಾಗಿ ಡ್ರೆಡ್ ಒಬ್ಬರೇ ಗೆದ್ದಿದ್ರೆ ಅವರೊಬ್ಬರಿಗೇ ಬಿಡುಗಡೆ. ಹ್ಯಾರಿಯೆಟ್ ಗೆದ್ದಿದ್ರೆ, ನಿಷೇಧದ ನೆಲದಲ್ಲೇ ಅವರು ಸ್ವತಂತ್ರರಾಗಿದ್ರು ಅಂತ ಸಾಬೀತಾಗಿದ್ರೆ, ಇಬ್ಬರು ಮಕ್ಕಳೂ ಸ್ವತಂತ್ರರು. ಹುಡುಗಿಯರು ದೊಡ್ಡವರಾಗ್ತಿದ್ರು, ಯಾವತ್ತು ಬೇಕಾದ್ರೂ ಮಾರಾಟ ಆಗಬಹುದಿತ್ತು. ಆದ್ರೆ 1850ರಲ್ಲಿ ಎರಡೂ ಕಡೆ ವಕೀಲರು ಸೇರಿ, ಡ್ರೆಡ್ ಕೇಸಲ್ಲಿ ಏನಾಗುತ್ತೋ ಅದೇ ಹ್ಯಾರಿಯೆಟ್‌ಗೂ ಅನ್ವಯ ಅಂತ ಒಪ್ಕೊಂಡುಬಿಟ್ರು. ಹಾಗೆ ಆ ತಾಯಿಯ ಹೆಸರು ಇತಿಹಾಸದ ಪಾಠದಿಂದಲೇ ಜಾರಿಹೋಯ್ತು. ಇವತ್ತೂ ಎಲ್ಲರೂ ಅನ್ನೋದು ಡ್ರೆಡ್ ಸ್ಕಾಟ್ ಕೇಸು ಅಂತಲೇ.

1847ರ ಮೊದಲ ವಿಚಾರಣೆಯಲ್ಲಿ ಸಾಕ್ಷಿಯ ತಾಂತ್ರಿಕ ಕಾರಣಕ್ಕೆ ಸೋತರು. 1850ರಲ್ಲಿ ಮರುವಿಚಾರಣೆ, ಗೆದ್ದರು! ಗುಲಾಮಗಿರಿ ಇದ್ದ ರಾಜ್ಯದಲ್ಲಿ, ಬಿಳಿಯರ ಜ್ಯೂರಿ, ಇವರು ಸ್ವತಂತ್ರರು ಅಂತು. ಎರಡೇ ವರ್ಷ. 1852ರಲ್ಲಿ ಮಿಸ್ಸೂರಿಯ ಸುಪ್ರೀಂ ಕೋರ್ಟ್ ಅದನ್ನ ಉಲ್ಟಾ ಮಾಡಿತು. ಕಾನೂನು ಬದಲಾಗಿರಲಿಲ್ಲ. ಕಾಲ ಮೊದಲಿನ ಹಾಗಿಲ್ಲ ಅನ್ನೋದೇ ಜಡ್ಜ್ ಕೊಟ್ಟ ಕಾರಣ. ಉತ್ತರದ ರಾಜ್ಯಗಳು ಗುಲಾಮಗಿರಿ ವಿರುದ್ಧ ಗಲಾಟೆ ಮಾಡ್ತಿದ್ವು, ಅದರ ಸಿಟ್ಟು ಈ ಸಂಸಾರದ ಮೇಲೆ ಬಿತ್ತು.

ಆಮೇಲೆ ಕೇಸು ಫೆಡರಲ್ ಕೋರ್ಟಿಗೆ ಹೋಯ್ತು, ಐರೀನ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ನ್ಯೂಯಾರ್ಕಿನ ಜಾನ್ ಸ್ಯಾನ್‌ಫರ್ಡ್ ವಿರುದ್ಧ. ಅವರ ಹೆಸರಿನ ಮಧ್ಯೆ ಕೋರ್ಟ್ ವರದಿಯಲ್ಲಿ ಒಂದು 'ಡಿ' ಅಕ್ಷರ ಜಾಸ್ತಿ ಸೇರಿ, ಇವತ್ತಿನವರೆಗೂ ಕೇಸಿನ ಅಧಿಕೃತ ಹೆಸರಲ್ಲಿ ಆ ಸ್ಪೆಲಿಂಗ್ ಮಿಸ್ಟೇಕ್ ಹಾಗೇ ಇದೆ.

1857ರ ಮಾರ್ಚ್ 6, ಅಮೆರಿಕದ ಸುಪ್ರೀಂ ಕೋರ್ಟ್, 7-2ರ ಬಹುಮತದ ತೀರ್ಪು. ಬರೆದವರು ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ, ಆಗ ವಯಸ್ಸು 79. ಅವರು ಹೇಳಿದ್ದು ಎರಡು ಮಾತು. ಒಂದು: ಆಫ್ರಿಕಾ ಮೂಲದ ಕಪ್ಪು ಜನ, ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ನಾಗರಿಕರಾಗೋಕೆ ಸಾಧ್ಯವೇ ಇಲ್ಲ. ಸಂವಿಧಾನ ಬರೆದವರ ಕಣ್ಣಿಗೆ ಅವರು ಬಿಳಿಯ ಮನುಷ್ಯ ಗೌರವಿಸಲೇಬೇಕಾದ ಯಾವ ಹಕ್ಕೂ ಇಲ್ಲದ ಕೀಳು ಜನ ಆಗಿದ್ರು, ಆದ್ದರಿಂದ ಈಗಲೂ ಅಷ್ಟೇ. ಎರಡು: ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿ ನಿಷೇಧಿಸೋ ಅಧಿಕಾರ ಸಂಸತ್ತಿಗೇ ಇಲ್ಲ, ಯಾಕಂದ್ರೆ ಗುಲಾಮ ಅಂದ್ರೆ ಆಸ್ತಿ, ಆಸ್ತಿಯನ್ನ ಹಾಗೆಲ್ಲ ಕಿತ್ಕೊಳ್ಳೋ ಹಾಗಿಲ್ಲ. ಒಂದೇ ಏಟಿಗೆ 1820ರ ಮಿಸ್ಸೂರಿ ರಾಜಿ ಅಸಿಂಧು.

ಮೊದಲನೇ ಮಾತಿನ ತೂಕ ನೋಡಿ. 1860ರ ಜನಗಣತಿಯಲ್ಲಿ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ರು. ಅವರ ಜೊತೆಗೆ ಸ್ವತಂತ್ರರಾಗಿದ್ದ ಕಪ್ಪು ಜನ ಸುಮಾರು 4 ಲಕ್ಷ 88 ಸಾವಿರ. ಅಂಗಡಿ ಇಟ್ಟವರು, ಚರ್ಚ್ ಕಟ್ಟಿದವರು, ತೆರಿಗೆ ಕಟ್ಟೋರು. ಅವರೆಲ್ಲ ಬೆಳಗಾಗೋದ್ರೊಳಗೆ ಸ್ವಂತ ದೇಶದಲ್ಲೇ ಯಾರೂ ಅಲ್ಲ ಅಂತ ಆಗಿಹೋಯ್ತು.

ಈ ಟಾನಿ ಸಿನಿಮಾ ವಿಲನ್ ಥರ ಇದ್ದವರಲ್ಲ. ತಮಗೆ ಪಿತ್ರಾರ್ಜಿತವಾಗಿ ಬಂದ ಗುಲಾಮರನ್ನ ತಾವೇ ಬಿಡುಗಡೆ ಮಾಡಿದ್ರು. 1819ರಲ್ಲಿ ವಕೀಲರಾಗಿದ್ದಾಗ, ಗುಲಾಮಗಿರಿ ವಿರುದ್ಧ ಉಪದೇಶ ಮಾಡಿದ ಒಬ್ಬ ಪಾದ್ರಿಯ ಪರ ವಾದ ಮಾಡಿ ಗೆದ್ದಿದ್ರು. ನನಗೆ ಭಯ ಹುಟ್ಟಿಸೋದು ಇದೇ. ದೇಶ ಒಡೀತಿದೆ, ಇದನ್ನ ಕೋರ್ಟೇ ಒಂದ್ಸಲ ಪೂರ್ತಿ ಬಗೆಹರಿಸಿಬಿಡಬೇಕು ಅಂತ ಅವರಿಗೆ ಅನಿಸಿತ್ತು. ತೀರ್ಪಿಗೆ ಎರಡು ದಿನ ಮುಂಚೆ ಅಧಿಕಾರಕ್ಕೆ ಬಂದ ಅಧ್ಯಕ್ಷ ಬುಕ್ಯಾನನ್ ತಮ್ಮ ಮೊದಲ ಭಾಷಣದಲ್ಲೇ, ಈ ವಿಷಯವನ್ನ ಸುಪ್ರೀಂ ಕೋರ್ಟ್ ಬೇಗನೆ, ಕೊನೆಯದಾಗಿ ತೀರ್ಮಾನಿಸುತ್ತೆ, ಏನೇ ಬಂದ್ರೂ ಒಪ್ಕೊಳ್ತೀನಿ ಅಂದ್ರು. ಏನು ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು, ಇಬ್ಬರು ನ್ಯಾಯಮೂರ್ತಿಗಳ ಜೊತೆ ಪತ್ರ ವ್ಯವಹಾರ ನಡೆಸಿದ್ರು.

ಆ ತೀರ್ಪನ್ನ ಒಪ್ಪದ ಇಬ್ಬರಲ್ಲಿ ಒಬ್ಬರು ಬೆಂಜಮಿನ್ ಕರ್ಟಿಸ್. ಅವರು ಭಾವನೆಯ ಮಾತಾಡಲಿಲ್ಲ, ಲೆಕ್ಕ ಹಾಕಿದ್ರು. ಸಂವಿಧಾನ ಜಾರಿಗೆ ಬರೋ ಕಾಲಕ್ಕೆ ಐದು ರಾಜ್ಯಗಳಲ್ಲಿ ಸ್ವತಂತ್ರ ಕಪ್ಪು ಗಂಡಸರಿಗೆ ಮತದ ಹಕ್ಕಿತ್ತು. ಸಂವಿಧಾನವನ್ನ ಒಪ್ಪಿದ ಜನರಲ್ಲೇ ಅವರೂ ಇದ್ದ ಮೇಲೆ ಅವರು ನಾಗರಿಕರಲ್ಲ ಅನ್ನೋದು ಹೇಗೆ? ಟಾನಿ ಹತ್ರ ಇದಕ್ಕೆ ಉತ್ತರ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಆ ವರ್ಷವೇ ಕರ್ಟಿಸ್ ರಾಜೀನಾಮೆ ಕೊಟ್ಟು ಹೊರಟುಹೋದ್ರು. ನಮ್ಮಲ್ಲೂ ಇಂಥದ್ದೊಂದು ಇದೆ: ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧನ ಪ್ರಶ್ನಿಸೋಕೆ ಕೋರ್ಟಿಗೇ ಬರೋ ಹಾಗಿಲ್ಲ ಅಂತ ನಾಲ್ವರು ನ್ಯಾಯಮೂರ್ತಿಗಳು ಹೇಳಿದಾಗ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅವರೂ ಆಮೇಲೆ ರಾಜೀನಾಮೆ ಕೊಟ್ರು. ಆ ತೀರ್ಪನ್ನ ನಮ್ಮ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಖಾಸಗಿತನದ ಕೇಸಿನಲ್ಲಿ. ಅದು ಇನ್ನೊಂದು ಎಪಿಸೋಡ್.

ಇರಲಿ, ಸ್ಕಾಟ್ ಸಂಸಾರದ ಕಥೆಗೆ ಬರೋಣ. ಐರೀನ್ ಅಷ್ಟೊತ್ತಿಗೆ ಕ್ಯಾಲ್ವಿನ್ ಚ್ಯಾಫಿ ಅನ್ನೋರನ್ನ ಮದುವೆ ಆಗಿದ್ರು. ಅವರೋ, ಗುಲಾಮಗಿರಿ ವಿರೋಧಿಸೋ ಸಂಸದ! ದೇಶದ ಅತಿ ಪ್ರಸಿದ್ಧ ಗುಲಾಮ ತಮ್ಮ ಮನೆಯ ಆಸ್ತಿ ಅಂತ ಪೇಪರಲ್ಲಿ ಬಂದಾಗ ಮಾನ ಹರಾಜು. ಕೂಡಲೇ ಸ್ಕಾಟ್ ಕುಟುಂಬವನ್ನ ಹಳೇ ಬ್ಲೋ ಮನೆತನದ ಟೇಲರ್ ಬ್ಲೋ ಹೆಸರಿಗೆ ವರ್ಗಾಯಿಸಿದ್ರು. ಅವರು 1857ರ ಮೇ 26ರಂದು ಎಲ್ಲರನ್ನೂ ಬಿಡುಗಡೆ ಮಾಡಿದ್ರು. ಆದ್ರೆ ಕೇಸು ನಡೀತಿದ್ದ ವರ್ಷಗಳಲ್ಲಿ ಷೆರೀಫ್ ಇವರನ್ನ ಕೂಲಿಗೆ ಕಳಿಸಿ, ಆ ಸಂಬಳವನ್ನ ಕೋರ್ಟಿನ ಸುಪರ್ದಿಯಲ್ಲಿ ಇಟ್ಟಿದ್ರಲ್ಲ, ಸುಮಾರು 750 ಡಾಲರ್, ಅದು ಯಾರಿಗೆ ಹೋಯ್ತು ಗೊತ್ತಾ? ಐರೀನ್‌ಗೆ. ಬಿಡುಗಡೆ ಕೊಟ್ರು, ಬಾಕಿ ವಸೂಲಿ ಮಾಡ್ಕೊಂಡ್ರು.

ಡ್ರೆಡ್ ಸ್ಕಾಟ್ ಸೇಂಟ್ ಲೂಯಿಸ್‌ನ ಒಂದು ಹೋಟೆಲಲ್ಲಿ ಸಾಮಾನು ಹೊರೋ ಕೆಲಸಕ್ಕೆ ಸೇರಿದ್ರು. ಸ್ವತಂತ್ರರಾಗಿ ಬದುಕಿದ್ದು ಒಂದು ವರ್ಷ ಚಿಲ್ಲರೆ. 1858ರ ಸೆಪ್ಟೆಂಬರ್‌ನಲ್ಲಿ ಕ್ಷಯದಿಂದ ತೀರಿಕೊಂಡ್ರು. ಹ್ಯಾರಿಯೆಟ್ ಬಟ್ಟೆ ಒಗೆದು ಜೀವನ ಮಾಡಿ 1876ರವರೆಗೆ ಬದುಕಿದ್ರು. ಮುಂದೆ ಆದದ್ದನ್ನೆಲ್ಲ ಅವರು ಕಣ್ಣಾರೆ ಕಂಡ್ರು.

ಆದದ್ದೇನು? ತೀರ್ಪು ಜಗಳ ಬಗೆಹರಿಸಲಿಲ್ಲ, ಬೆಂಕಿಗೆ ತುಪ್ಪ ಸುರೀತು. ಪಶ್ಚಿಮದ ಪ್ರಾಂತ್ಯಗಳ ಭವಿಷ್ಯವೇ ಗೊತ್ತಿಲ್ಲ ಅಂತಾದಾಗ ಅಲ್ಲಿನ ರೈಲ್ವೆ ಕಂಪನಿಗಳ ಬಾಂಡ್ ಬೆಲೆ ಕುಸಿದು, 1857ರ ಹಣಕಾಸು ಬಿಕ್ಕಟ್ಟಿಗೆ ಇದೂ ಒಂದು ಕಾರಣ ಆಯ್ತು ಅಂತ ಕೆಲವು ಆರ್ಥಿಕ ಇತಿಹಾಸಕಾರರು ವಾದಿಸ್ತಾರೆ. ಇನ್ನೊಂದು ಕೇಸ್ ಬಂದ್ರೆ ಗುಲಾಮಗಿರಿ ಎಲ್ಲ ರಾಜ್ಯಗಳಿಗೂ ಬರುತ್ತೆ ಅಂತ ಅಬ್ರಹಾಂ ಲಿಂಕನ್ 1858ರಲ್ಲಿ ಊರೂರು ತಿರುಗಿ ಎಚ್ಚರಿಸಿದ್ರು. 1861ರ ಮಾರ್ಚ್‌ನಲ್ಲಿ ಅವರು ಅಧ್ಯಕ್ಷರಾದಾಗ ಪ್ರಮಾಣವಚನ ಬೋಧಿಸಿದ್ದು ಅದೇ ಟಾನಿ. ಆಮೇಲೆ ಅಂತರ್ಯುದ್ಧ, ಆರು ಲಕ್ಷಕ್ಕೂ ಹೆಚ್ಚು ಸೈನಿಕರ ಸಾವು, 1865ರಲ್ಲಿ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದು.

ಗುಲಾಮಗಿರಿ ಹೋದ್ರೂ ಟಾನಿಯ ಮೊದಲನೇ ಮಾತು ಹಾಗೇ ಉಳಿದಿತ್ತು. ಬಿಡುಗಡೆ ಆದ 40 ಲಕ್ಷ ಜನ ಯಾರು? ಎಲ್ಲಿಯ ನಾಗರಿಕರು? ಮಾಮೂಲಿ ಕಾನೂನು ಸಾಲಲ್ಲ, ಕೋರ್ಟ್ ನಾಳೆ ಮತ್ತೆ ತೆಗೆದುಹಾಕಬಹುದು. ಹಾಗಾಗಿ ಸಂವಿಧಾನಕ್ಕೇ ಒಂದು ವಾಕ್ಯ ಸೇರಿಸಿದ್ರು, 14ನೇ ತಿದ್ದುಪಡಿಯ ಮೊದಲ ವಾಕ್ಯ, 1868ರ ಜುಲೈನಲ್ಲಿ ಅಂಗೀಕಾರ. ನನ್ನ ಮಾತಲ್ಲಿ ಹೇಳೋದಾದ್ರೆ: ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಅದರ ನಾಗರಿಕರು.

ಈ ವಾಕ್ಯ ಏನು ಮಾಡಿತು ನೋಡಿ. ಹ್ಯಾರಿಯೆಟ್ ಮಕ್ಕಳ ಹಣೆಬರಹ ತಾಯಿಯ ಸ್ಥಿತಿಯಿಂದ ನಿರ್ಧಾರ ಆಗ್ತಿತ್ತು. ಈ ವಾಕ್ಯ ತಾಯಿ ಯಾರು, ತಂದೆ ಯಾರು ಅಂತ ಕೇಳೋದೇ ಇಲ್ಲ. ಎಲ್ಲಿ ಹುಟ್ಟಿದೆ ಅಂತ ಮಾತ್ರ ಕೇಳುತ್ತೆ. ಹುಟ್ಟಿನಿಂದ ಮೇಲು-ಕೀಳು ಅಂದ್ರೆ ಏನು ಅಂತ ನಮ್ಮ ಊರುಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇದು ಕಪ್ಪು ಜನರಿಗೆ ಮಾತ್ರ ಅಂತ ಬರೆದಿದ್ದಾ? 1866ರ ಸೆನೆಟ್ ಚರ್ಚೆಯಲ್ಲೇ ಈ ಪ್ರಶ್ನೆ ಬಂತು. ಪೆನ್ಸಿಲ್ವೇನಿಯಾದ ಸೆನೆಟರ್ ಕೋವನ್, ಹಾಗಾದ್ರೆ ಚೀನೀಯರ ಮಕ್ಕಳೂ ನಾಗರಿಕರಾ ಅಂತ ಆಕ್ಷೇಪ ಎತ್ತಿದ್ರು. ಕ್ಯಾಲಿಫೋರ್ನಿಯಾದ ಸೆನೆಟರ್ ಕಾನ್ನೆಸ್ ಎದ್ದು, ಹೌದು, ಅವರೂ ಅಂತ ಉತ್ತರ ಕೊಟ್ರು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ 1895ರಲ್ಲಿ ಚೀನಾಗೆ ಹೋಗಿ ವಾಪಸ್ ಬಂದಾಗ, ನೀನು ನಾಗರಿಕ ಅಲ್ಲ ಅಂತ ಬಂದರಿನಲ್ಲೇ ತಡೆದ್ರು. 1898ರಲ್ಲಿ ಸುಪ್ರೀಂ ಕೋರ್ಟ್ 6-2ರಿಂದ, ಇವರು ಹುಟ್ಟಿನಿಂದಲೇ ನಾಗರಿಕರು ಅಂತು. ಎಲ್ಲರಿಗೂ ಸಿಕ್ತು ಅಂತಲ್ಲ. ಆ ನೆಲದ ಮೂಲನಿವಾಸಿಗಳನ್ನ 1884ರಲ್ಲಿ ಕೋರ್ಟ್ ಹೊರಗಿಟ್ಟಿತು, ಅವರೆಲ್ಲರಿಗೂ ಪೌರತ್ವ ಬಂದಿದ್ದು 1924ರಲ್ಲಿ. ಕಪ್ಪು ಜನರಿಗೂ ಕಾಗದದ ಮೇಲಿನ ಪೌರತ್ವ ಬಂದು ಮತ್ತೆ ಸುಮಾರು ನೂರು ವರ್ಷ ಬೇರೆ ಶಾಲೆ, ಬೇರೆ ಬೋಗಿ, ಮತಗಟ್ಟೆಯಲ್ಲಿ ತಡೆ.

ಭಾರತೀಯರ ಕಥೆಯೂ ಇಲ್ಲೇ ಸೇರಿಕೊಳ್ಳುತ್ತೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅರ್ಜಿ ಹಾಕಿ ಪೌರತ್ವ ಪಡೆಯೋ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಪೌರತ್ವ ಪಡೆದಿದ್ದ ಕೆಲವರಿಂದ ವಾಪಸ್ ಕಿತ್ಕೊಂಡ್ರು. ಆ ಬಾಗಿಲು ಮತ್ತೆ ತೆರೆದಿದ್ದು 1946ರಲ್ಲಿ. ಆದ್ರೆ ಆ ವರ್ಷಗಳಲ್ಲೂ ಅಲ್ಲಿ ಹುಟ್ಟಿದ ಅವರ ಮಕ್ಕಳು ನಾಗರಿಕರೇ, ಅಪ್ಪ ಆಗೋಕಾಗದಿದ್ರೂ. ಸ್ಕಾಟ್ ಸಂಸಾರದ ಸೋಲಿನಿಂದ ಹುಟ್ಟಿದ ಆ ಒಂದು ವಾಕ್ಯ ಅವರನ್ನ ಕಾದಿತ್ತು.

ಈಗ ಟ್ರಂಪ್ ಸರ್ಕಾರದ ವಾದ ಏನು? ಆ ವಾಕ್ಯ ಬರೆದಿದ್ದು ಬಿಡುಗಡೆಯಾದ ಗುಲಾಮರಿಗಾಗಿ. 'ಅಧಿಕಾರ ವ್ಯಾಪ್ತಿಗೆ ಒಳಪಟ್ಟ' ಅಂದ್ರೆ ಸುಮ್ಮನೆ ಅಲ್ಲಿರೋದಲ್ಲ, ಆ ದೇಶಕ್ಕೆ ಪೂರ್ತಿ ನಿಷ್ಠೆ ಇರಬೇಕು, ತಾತ್ಕಾಲಿಕವಾಗಿ ಬಂದವರಿಗೆ ಅದಿಲ್ಲ. ವಾಂಗ್ ಅವರ ತಂದೆತಾಯಿ ಅಲ್ಲೇ ಕಾಯಂ ನೆಲೆಸಿದ್ರು, ಅದೇ ಬೇರೆ. ಎದುರಿನವರ ವಾದ: ಆ ಷರತ್ತು ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವೇ ಕೆಲವರಿಗೆ. ಎಚ್-1ಬಿಯವರು ಅಲ್ಲಿ ತೆರಿಗೆ ಕಟ್ತಾರೆ, ತಪ್ಪು ಮಾಡಿದ್ರೆ ಅಲ್ಲಿನ ಜೈಲಿಗೇ ಹೋಗ್ತಾರೆ, ಇನ್ನೆಂಥ ಅಧಿಕಾರ ವ್ಯಾಪ್ತಿ? 1866ರ ಚರ್ಚೆ ಓದಿದ ಮೇಲೆ ನನಗೆ ಎರಡನೇ ವಾದವೇ ಗಟ್ಟಿ ಅನಿಸುತ್ತೆ. ಅದೂ ಅಲ್ಲದೆ ಈ 'ತಾತ್ಕಾಲಿಕ' ಅನ್ನೋ ಪದ. ಎಚ್-1ಬಿ ಮಂಜೂರಾತಿಯಲ್ಲಿ ಹತ್ತಕ್ಕೆ ಏಳರಷ್ಟು ಭಾರತದಲ್ಲಿ ಹುಟ್ಟಿದವರಿಗೆ. ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ಇರೋದ್ರಿಂದ ನಮ್ಮವರ ಸರದಿ ದಶಕಗಳಷ್ಟು ಉದ್ದ. ಮನೆ ಸಾಲ ತೀರಿಸಿ, ಮಗಳ ಹೈಸ್ಕೂಲ್ ಮುಗಿದ್ರೂ ಅವರು ಇನ್ನೂ 'ತಾತ್ಕಾಲಿಕ'.

ಒಂದು ವಿಷಯ ಮಾತ್ರ ನಾವು ಮರೆಯೋ ಹಾಗಿಲ್ಲ. ಇಲ್ಲಿ ಹುಟ್ಟಿದ್ರೆ ಇಲ್ಲಿಯ ನಾಗರಿಕ ಅಂತ ನೀವಂದುಕೊಂಡಿದ್ರೆ, ಆ ನಿಯಮ ನಮ್ಮಲ್ಲೂ ಇತ್ತು, 1987ರ ಜುಲೈವರೆಗೆ. ಆಮೇಲೆ ತಂದೆತಾಯಿಯಲ್ಲಿ ಒಬ್ಬರಾದ್ರೂ ಭಾರತೀಯ ನಾಗರಿಕರಾಗಿರಬೇಕು ಅಂತಾಯ್ತು. 2004ರ ಡಿಸೆಂಬರ್‌ನಿಂದ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಅನ್ನೋದೂ ಸೇರಿತು. ಅಮೆರಿಕದ ಆದೇಶಕ್ಕೆ ಬೈಯೋ ಮುಂಚೆ ನಮ್ಮ ಕಾನೂನೂ ಈಗ ತಂದೆತಾಯಿ ಯಾರು ಅಂತಲೇ ಕೇಳುತ್ತೆ ಅನ್ನೋದು ಗೊತ್ತಿರಲಿ.

2025ರ ಡಿಸೆಂಬರ್ ಕೊನೆಗೆ ಇದ್ದ ಸ್ಥಿತಿ, ಅಮೆರಿಕದಿಂದ ಕೇಳ್ತಿರೋರಿಗಾಗಿ: ಆದೇಶಕ್ಕೆ ಕೆಳಗಿನ ಕೋರ್ಟುಗಳು ತಡೆ ಕೊಟ್ಟಿದ್ವು, ಅದು ಜಾರಿಯಲ್ಲಿರಲಿಲ್ಲ. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಕೆಳಗಿನ ಜಡ್ಜ್‌ಗಳು ದೇಶವ್ಯಾಪಿ ತಡೆ ಕೊಡೋ ಅಧಿಕಾರದ ಬಗ್ಗೆ ಮಾತ್ರ, ಪೌರತ್ವದ ಬಗ್ಗೆ ಅಲ್ಲ. ಅದಾದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನ ಜಡ್ಜ್ ಒಬ್ಬರು ಬಾಧಿತ ಮಕ್ಕಳೆಲ್ಲರನ್ನೂ ಒಂದು ಗುಂಪು ಅಂತ ಪರಿಗಣಿಸಿ ಮತ್ತೆ ತಡೆ ಕೊಟ್ರು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳೋಕೆ ಒಪ್ಪಿತು.

ಟಾನಿಯ ಅರ್ಧಪ್ರತಿಮೆ ಸಂಸತ್ ಕಟ್ಟಡದಲ್ಲಿತ್ತು, 2023ರಲ್ಲಿ ತೆಗೆದ್ರು. ಅದಕ್ಕೂ ಮುಂಚೆ, ತೀರ್ಪಿಗೆ 160 ವರ್ಷ ತುಂಬಿದ ದಿನ, ಟಾನಿ ವಂಶಸ್ಥರೊಬ್ಬರು ಮೇರಿಲ್ಯಾಂಡಿನಲ್ಲಿ ಸ್ಕಾಟ್ ವಂಶದವರ ಮುಂದೆ ನಿಂತು ಕ್ಷಮೆ ಕೇಳಿದ್ರು. ಸೇಂಟ್ ಲೂಯಿಸ್ ಕಡೆ ಯಾರಾದ್ರೂ ಇದ್ರೆ, ಕೇಸು ಶುರುವಾದ ಹಳೇ ಕೋರ್ಟ್ ಕಟ್ಟಡ ರಿಪೇರಿ ಮುಗಿದು 2025ರ ಮೇ ತಿಂಗಳಲ್ಲಿ ಮತ್ತೆ ತೆರೆದಿದೆ. ಎದುರಿಗೆ ಡ್ರೆಡ್ ಮತ್ತು ಹ್ಯಾರಿಯೆಟ್ ಇಬ್ಬರೂ ಅಕ್ಕಪಕ್ಕ ನಿಂತಿರೋ ಪ್ರತಿಮೆ ಇದೆ. ಹೋದ್ರೆ ಒಂದು ಫೋಟೋ ಕಳಿಸಿ.